ಮಲಗಿದವರ ಗೋಡೆ

ವೇದವತಿ ಬರೆದ ಬಾಲಕೃಷ್ಣನ ಮೇಲೆ ಯಾರೋ ಹಸಿರು ಚಾದರ ಇಳಿಬಿಟ್ಟು, ಎರಡು ಕಡೆ ಮೊಳೆ ಹೊಡೆದುಬಿಟ್ಟಿದ್ದರು.

ಮಕ್ಕಳಿಗೆ ಹಂಚೋಣವೆಂದು ಬಾಳೆಹಣ್ಣಿನ ಚೀಲ ಹಿಡಿದು ಬಂದಿದ್ದವಳು ವಾರ್ಡಿನ ಬಾಗಿಲಲ್ಲೇ ನಿಂತಳು. ಚಾದರದ ಒಂದು ಅಂಚಿನಿಂದ ಬೆಣ್ಣೆ ಹಿಡಿದ ಬೆರಳುಗಳೂ ಮೇಲಿನಿಂದ ನವಿಲುಗರಿಯ ತುದಿಯೂ ಇಣುಕುತ್ತಿದ್ದವು. ಗೋಡೆ ಸೋರಿರಬೇಕು ಎಂದೇ ಅವಳಿಗೆ ಮೊದಲು ಅನಿಸಿತು. ತಿರುವನಂತಪುರದ ಮಳೆಗೆ ಯಾವ ಗೋಡೆ ತಡೆದೀತು?

"ಸೋರಿಲ್ಲ ಮೋಳೇ," ಎಂದರು ಕಮಲ ಸಿಸ್ಟರ್. ಆ ಸಣ್ಣ ಮಕ್ಕಳಾಸ್ಪತ್ರೆಯ ಹಿರಿಯ ನರ್ಸ್ ಅವರು. ತನಗಿಂತ ಕಿರಿಯರೆಲ್ಲ ಅವರಿಗೆ ಮೋಳೇ, ಮಗಳೇ. "ಮಕ್ಕಳು ಹೆದರ್ತಾರೆ. ವಿಳಿಂಜದ ಆ ಹುಡುಗಿ ಜೆಸ್ಸಿ ಇದ್ದಾಳಲ್ಲ, ಕಾಲಿಗೆ ಪ್ಲಾಸ್ಟರ್ ಹಾಕಿದವಳು, ತಲೆ ತುಂಬ ಹೊದ್ದುಕೊಂಡೇ ಮಲಗಿರ್ತಾಳೆ. ಮಾತ್ರೆ ಕೊಡೋಕೂ ಮುಖ ತೆಗೆಯಲ್ಲ. 'ಅವನು ನನ್ನನ್ನೇ ನೋಡ್ತಾನೆ' ಅಂತಾಳೆ."

"ಕೃಷ್ಣನಿಗೆ ಯಾರಾದ್ರೂ ಹೆದರ್ತಾರಾ, ಸಿಸ್ಟರ್?"

"ಕೃಷ್ಣನಿಗಲ್ಲ. ನೀನು ಬರೆದ ಕೃಷ್ಣನಿಗೆ."

ಸಿಸ್ಟರ್ ಕಟುವಾಗಿ ಹೇಳಲಿಲ್ಲ. ಜ್ವರ ನೂರೆರಡಿದೆ ಎಂದು ತಾಯಂದಿರಿಗೆ ಹೇಳುವ ದನಿಯಲ್ಲೇ ಹೇಳಿದರು. ಓಣಂ ರಜೆಗೆ ವಾರ್ಡು ಅರ್ಧ ಖಾಲಿಯಾಗುತ್ತದೆ, ಉಳಿದ ಮಕ್ಕಳನ್ನು ಪಕ್ಕದ ಕೋಣೆಗೆ ಹಾಕುತ್ತೇವೆ, ರಜೆ ಮುಗಿಯುವ ಹೊತ್ತಿಗೆ ಗೋಡೆಗೆ ಸುಣ್ಣ ಹೊಡೆಸಬೇಕೆಂದು ಡಾಕ್ಟರು ಹೇಳಿದ್ದಾರೆ ಎಂದರು.

"ಅಷ್ಟರೊಳಗೆ ನಾನೇ ಸರಿಮಾಡ್ತೀನಿ," ಎಂದಳು ವೇದವತಿ.

"ಯಾವುದನ್ನ ಸರಿಮಾಡ್ತೀಯ?"

ವೇದವತಿ ಬಾಳೆಹಣ್ಣಿನ ಚೀಲವನ್ನು ಸಿಸ್ಟರ್ ಕೈಗಿತ್ತು ಹೊರಗೆ ಬಂದಳು. ಬಸ್ಸಿನಲ್ಲಿ ಕುಳಿತ ಮೇಲೂ ಅದೇ ಪ್ರಶ್ನೆ. ಯಾವುದನ್ನ?

ವೇದವತಿ ಮೈಸೂರಿನವಳು. ಕಾನ್ವೆಂಟಿನಲ್ಲಿ ಓದಿ, ಬಿ.ಎಸ್ಸಿ. ಮಾಡಿದವಳು. ಆದರೆ ಅವಳ ಕೈ ಪಳಗಿದ್ದು ಚಿಕ್ಕಜ್ಜ ರಾಮದಾಸರ ಮುಂದೆ. ರಾಮದಾಸರು ಮೈಸೂರು ಶೈಲಿಯಲ್ಲಿ ದೇವರ ಪಟ ಬರೆಯುವವರು. ಉಬ್ಬು ಕೆಲಸ ಮಾಡಿ ಚಿನ್ನದ ರೇಕು ಒತ್ತುವುದರಲ್ಲಿ ಎತ್ತಿದ ಕೈ. ಶಾಲೆ ಬಿಟ್ಟ ಕೂಡಲೆ ಅವರ ಪಕ್ಕದ ಮಣೆ ಅವಳದು. ಮೊದಲು ಬಣ್ಣ ಅರೆಯುವುದು, ಆಮೇಲೆ ಗೆರೆ, ಆಮೇಲೆ ಸೀರೆಯ ಅಂಚು, ಕೊನೆಗೊಂದು ದಿನ ಮುಖ. "ದೇವರು ಎದುರು ನೋಡ್ಬೇಕು. ಕೈಮುಗಿದು ನಿಂತೋನ ಕಣ್ಣಿಗೂ ದೇವರ ಕಣ್ಣಿಗೂ ನೂಲು ಕಟ್ಟಿದ ಹಾಗಿರ್ಬೇಕು," ಎನ್ನುತ್ತಿದ್ದರು. ಯಾಕೆ ಚಿಕ್ಕಜ್ಜ, ಎಂದು ಕೇಳಿದರೆ ಕುಂಚದ ಹಿಂಬದಿಯಿಂದ ತಲೆಗೊಂದು ಮೊಟಕು. "ಕೇಳೋ ಬಾಯಿ ಬರೆಯೋ ಕೈನ ತಿಂದುಹಾಕತ್ತೆ. ಸುಮ್ನೆ ಬರಿ."

ಅವಳು ಸುಮ್ಮನೆ ಬರೆದಳು. ಕಣ್ಣು ಮುಚ್ಚಿ ಬರೆದರೂ ಕಿರೀಟ ನೆಟ್ಟಗೆ ಬರುವಷ್ಟು ಬರೆದಳು.

ಮದುವೆಯಾಗಿ ಕೊಚ್ಚಿಗೆ ಬಂದಳು. ಗಂಡ ಶ್ರೀಪತಿಗೆ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಆಫೀಸಿನಲ್ಲಿ ಕೆಲಸ. ಕ್ವಾರ್ಟರ್ಸಿನ ಕಿಟಕಿ ತೆಗೆದರೆ ಹಡಗಿನ ಹೊಗೆಕೊಳವೆ, ಮುಚ್ಚಿದರೆ ಸೆಕೆ. ಮಹತಿ ಹುಟ್ಟಿದ್ದು ಅಲ್ಲಿಯೇ. ಹುಟ್ಟಿದಾಗಿನಿಂದ ಆ ಕೂಸಿನ ಎದೆ ಒಂದು ಸಲ ಗೊರಗುಟ್ಟಿದರೆ ವೇದವತಿಯ ಜೀವ ಅಂಗೈಗೆ ಬರುತ್ತಿತ್ತು. ಗಾಳಿ ಏಲೂರಿನ ಕಡೆಯಿಂದ ಬೀಸುತ್ತಿದೆಯೇ ಎಂದು ಬಟ್ಟೆ ಒಣಹಾಕುವ ತಂತಿ ನೋಡಿ ಹೇಳುವಳು. ಅಲ್ಲಿನ ಕಾರ್ಖಾನೆಗಳ ಹೊಗೆ ಇಲ್ಲಿಯವರೆಗೆ ಬರುವುದಿಲ್ಲ ಕಣೇ ಎಂದು ಶ್ರೀಪತಿ ತಲೆ ಚಚ್ಚಿಕೊಳ್ಳುವನು. ಅವಳನ್ನು ನಗಿಸಬಲ್ಲವಳು ಒಬ್ಬಳೇ, ಪಕ್ಕದ ಮನೆಯ ಜುಬೈದಾ. ಮಟ್ಟಾಂಚೇರಿಯಲ್ಲಿ ಹುಟ್ಟಿ ಬೆಳೆದವಳು, ಬಾಯಿ ಜೋರು, ಕೈ ಧಾರಾಳ. ವೇದವತಿ ಅವಳನ್ನು 'ಇತ್ತಾ' ಎಂದು ಕರೆಯುತ್ತಿದ್ದಳು. ಅಲ್ಲಿನ ಮುಸ್ಲಿಮರ ಮಾತಿನಲ್ಲಿ ಅಕ್ಕ.

ಒಂದು ಭಾನುವಾರ ಜುಬೈದಾ ಅವಳನ್ನು ದೋಣಿ ಹತ್ತಿಸಿ ಮಟ್ಟಾಂಚೇರಿ ಅರಮನೆಗೆ ಕರೆದೊಯ್ದಳು. ರಾಜರ ಮಲಗುವ ಕೋಣೆಯ ಗೋಡೆ ತುಂಬ ರಾಮಾಯಣ. ಕೆಳಗಿನ ಕೋಣೆಯಲ್ಲಿ ಗಿರಿ ಎತ್ತಿದ ಕೃಷ್ಣ. ಕೃಷ್ಣನ ಮೈ ಎಳೆ ಎಲೆಯ ಹಸಿರು.

"ನಿನ್ನ ದೇವರಮನೇಲಿ ಕೃಷ್ಣ ನೀಲಿ ಇದಾನೆ," ಎಂದಳು ಜುಬೈದಾ. "ಇಲ್ಲಿ ಹಸಿರು. ಯಾವುದು ಸರಿ?"

"ನಮ್ಮಲ್ಲಿ ನೀಲಿ, ಇತ್ತಾ."

"ಅದು ಕಾಣತ್ತೆ. ಯಾಕೆ ಅಂತ ಕೇಳ್ದೆ."

"ನಮ್ಮಲ್ಲಿ ಹಾಗೇ."

"ನನ್ನ ಅತ್ತೆನೂ ಹೀಗೇ ಹೇಳೋದು. ಮೀನಿಗೆ ಯಾಕೆ ಇಷ್ಟು ಹುಳಿ ಅಂದ್ರೆ, 'ನಮ್ಮಲ್ಲಿ ಹಾಗೇ'. ಆ ಸಾರು ಒಂದು ದಿನ ಕೆಟ್ಟರೆ ಯಾಕೆ ಕೆಟ್ಟಿತು ಅಂತ ಅವರಿಗೆ ಇವತ್ತಿಗೂ ಗೊತ್ತಾಗಿಲ್ಲ."

ವೇದವತಿ ನಕ್ಕು ಮರೆತಳು. ಮರೆತೆ ಎಂದುಕೊಂಡಳು, ಅಷ್ಟೆ.

ಶ್ರೀಪತಿಗೆ ತಿರುವನಂತಪುರದ ವಿಮಾನ ನಿಲ್ದಾಣಕ್ಕೆ ವರ್ಗವಾಯಿತು. ಊರೊಳಗಿನ ಪೇಟ್ಟ ಎಂಬಲ್ಲಿ ಬಾಡಿಗೆ ಮನೆ ಹಿಡಿದರು. ತೊಂಬತ್ತಾರರ ಬೇಸಿಗೆಯಲ್ಲಿ, ನಾಲ್ಕು ತುಂಬಿದ ಮಹತಿಗೆ ಉಬ್ಬಸ ಹೆಚ್ಚಾಗಿ ಆ ಮಕ್ಕಳಾಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿದ್ದಷ್ಟು ದಿನವೂ ವೇದವತಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಮಗಳ ಎದೆಯ ಏರಿಳಿತವನ್ನೇ ನೋಡಿದಳು. ಎದುರಿಗೆ ಬೋಳು ಬಿಳಿ ಗೋಡೆ. ಮಗು ಹುಷಾರಾಗಿ ಮನೆಗೆ ಹೋಗಲಿ, ಈ ಗೋಡೆಗೆ ಒಬ್ಬ ಕೃಷ್ಣನನ್ನು ಬರೆದುಕೊಡುತ್ತೇನೆ ಎಂದು ಹರಕೆ ಹೊತ್ತಳು. ಮಗು ಹುಷಾರಾಯಿತು, ಡಾಕ್ಟರು ಒಪ್ಪಿದರು. ಚಿಕ್ಕಜ್ಜ ಕಲಿಸಿದ್ದನ್ನೆಲ್ಲ ಆ ಗೋಡೆಗೆ ಸುರಿದಳು. ಆಳುದ್ದದ ಮೈ, ಕೆಂಪು ತುಟಿ, ಎದುರು ನೋಡುವ ಅಗಲ ಕಣ್ಣು. ನಿಂತು ನೋಡಿದ ದೊಡ್ಡವರೆಲ್ಲ ಕೈಮುಗಿದರು. ಅವಳ ಜೀವನದಲ್ಲೇ ಅಷ್ಟು ಚೆಂದದ ಕೆಲಸ ಅವಳ ಕೈಯಿಂದ ಬಂದಿರಲಿಲ್ಲ.

ಆ ಕೃಷ್ಣನ ಮೇಲೆ ಈಗ ಚಾದರ.

ಮರುದಿನವೇ ಬಣ್ಣದ ಡಬ್ಬಿ ಹಿಡಿದು ಹೋದಳು. ಮುಖ ಬಿಗಿಯಾಯಿತೇನೋ ಎಂದು ನಗುವನ್ನು ಸ್ವಲ್ಪ ಅಗಲ ಮಾಡಿದಳು. ಸಾಲದೆಂದು ಹಲ್ಲು ಕಾಣಿಸಿದಳು. ಸುತ್ತ ಚಿಟ್ಟೆ ಬರೆದಳು. ಕಮಲ ಸಿಸ್ಟರ್ ಒಂದು ಗಳಿಗೆ ನೋಡಿ, "ಮೊದಲು ನೋಡ್ತಾ ಇದ್ದ. ಈಗ ತಿನ್ನೋಕೆ ಬರ್ತಾನೆ," ಎಂದು ಚಾದರ ಮತ್ತೆ ಇಳಿಬಿಟ್ಟರು.

ರಾತ್ರಿ ಊಟಕ್ಕೆ ಕುಳಿತಾಗ ಶ್ರೀಪತಿ, "ಒಂದು ಗೋಡೆಗೆ ಇಷ್ಟೊಂದು ತಲೆಬಿಸಿ ಯಾಕೆ ಮಾಡ್ಕೋತೀಯ? ಸುಣ್ಣ ಹೊಡೀಲಿ ಬಿಡು. ಮನೇಲಿ ಬೇಕಾದಷ್ಟು ಗೋಡೆ ಇದೆ," ಎಂದ.

"ಗೋಡೆ ಹೋದ್ರೆ ಹೋಗ್ಲಿ ಕಣ್ರೀ. ಯಾಕೆ ಹೋಯ್ತು ಅಂತ ಗೊತ್ತಾಗ್ದೆ ಹೋದ್ರೆ ನಾನು ಇನ್ನೊಂದು ಗೋಡೆ ಮುಟ್ಟೋದು ಹೇಗೆ? ಪ್ರತಿ ಸಲ ಗೆರೆ ಎಳೆಯೋವಾಗ್ಲೂ ಈ ಚಾದರ ಕಣ್ಮುಂದೆ ಬರಲ್ವಾ?"

ಶ್ರೀಪತಿ ತಟ್ಟೆಯಿಂದ ತಲೆ ಎತ್ತಿ ಅವಳನ್ನು ನೋಡಿದ. ಹೆಂಡತಿ ಏನೋ ಒಂದಕ್ಕೆ ದಿನವೂ ಹೆದರುವವಳೇ. ಹಾಲು ಕೆಟ್ಟಿತೇನೋ, ಮಗು ಕೆಮ್ಮಿತೇನೋ. ಆದರೆ ಹೆದರಿಕೆಯ ಜೊತೆಗೆ ಹಟ ಬೆರೆತ ಈ ದನಿ ಅವನಿಗೆ ಹೊಸದು.

ಅವರ ಓಣಿಯ ಕೊನೆಯ ಮನೆ ಜಲಜಾ ಟೀಚರದು. ಚಿತ್ರಕಲಾ ಕಾಲೇಜಿನಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದವರು. ಟೀಚರು ಬರೆಯುವುದನ್ನು ಓಣಿಯವರು ಯಾರೂ ಕಂಡಿರಲಿಲ್ಲ. ಅವರು ಕಲಿಸುತ್ತಿದ್ದುದು ಚಿತ್ರದ ಶಾಸ್ತ್ರ. ಥಿಯರಿ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಹುಡುಗರು ಸಂಜೆ ಅವರ ಜಗಲಿಯಲ್ಲಿ ಮುಖ ಇಳಿಬಿಟ್ಟು ಕುಳಿತಿರುತ್ತಿದ್ದರು. ಅಲ್ಲಿ ಒಂದು ಕಟ್ಟಳೆ. ಟೀಚರು ಒಂದು ಚಿತ್ರ ಎದುರಿಗಿಡುತ್ತಾರೆ. ಕಂಡದ್ದನ್ನು ಹೇಳಬೇಕು, ಏನು ಬೇಕಾದರೂ ಹೇಳಬಹುದು, 'ಚೆನ್ನಾಗಿದೆ' ಎನ್ನಬಾರದು. ಎಂದವರು ಎದ್ದುಹೋಗಿ ಬಾವಿಯಿಂದ ಒಂದು ಕೊಡ ನೀರು ಸೇದಿ ಬಾಳೆಯ ಬುಡಕ್ಕೆ ಹಾಕಬೇಕು. ಟೀಚರ ಹಿತ್ತಿಲಿನ ಬಾಳೆ ಇಡೀ ಪೇಟ್ಟದಲ್ಲೇ ಹುಲುಸಾಗಿತ್ತು.

ವೇದವತಿ ಮಹತಿಯನ್ನು ಕರೆದುಕೊಂಡು ಆ ಜಗಲಿ ಹತ್ತಿದಳು. ಎಲ್ಲ ಹೇಳಿದಳು.

ಮೂಲೆಯಲ್ಲಿದ್ದ ಗಡ್ಡದ ವಿದ್ಯಾರ್ಥಿ ಮನೋಜ್ ನಕ್ಕ. ಅವನ ಬಾಯಲ್ಲಿ ಅಕ್ಕ ಎಂದರೆ ಚೇಚಿ. "ಚೇಚಿ, ಕೈಯಲ್ಲಿ ಇಷ್ಟು ಕೆಲಸ ಇಟ್ಟುಕೊಂಡು ಇಲ್ಲಿಗೆ ಯಾಕೆ ಬಂದ್ರಿ? ನಾವು ಪರೀಕ್ಷೆ ಇದೆ ಅಂತ ಸಿಕ್ಕಿಹಾಕಿಕೊಂಡಿದೀವಿ. ಥಿಯರಿ ಓದಿದ್ರೆ ಇದ್ದ ಕೈನೂ ಹೋಗತ್ತೆ. ಈಜೋದಕ್ಕೆ ನೀರಿನ ಶಾಸ್ತ್ರ ಯಾಕೆ ಬೇಕು?"

"ಈಜೋಕೆ ಬೇಡ," ಎಂದರು ಟೀಚರು, ವೀಳ್ಯದೆಲೆಯ ತೊಟ್ಟು ಮುರಿಯುತ್ತ. "ಸುಳಿಗೆ ಸಿಕ್ಕಾಗ ಬೇಕು. ನೀನಿನ್ನೂ ಮೊಣಕಾಲು ನೀರಲ್ಲಿದೀಯ, ನಿನಗೆ ತಿಳಿಯಲ್ಲ."

"ನಾನು ಸುಳೀಲೇ ಇದೀನಿ, ಟೀಚರ್," ಎಂದಳು ವೇದವತಿ. "ನಮ್ಮಜ್ಜ ಹೇಳ್ತಿದ್ರು, ಕೇಳೋ ಬಾಯಿ ಬರೆಯೋ ಕೈನ ತಿನ್ನತ್ತೆ ಅಂತ."

"ಬರೆಯೋ ಹೊತ್ತಲ್ಲಿ ಕೇಳಿದ್ರೆ ತಿನ್ನತ್ತೆ, ನಿಜ. ಬರೆಯೋಕೆ ಮುಂಚೆ ಕೇಳಬೇಕು, ಬರೆದ ಮೇಲೆ ಕೇಳಬೇಕು. ನಿಮ್ಮಜ್ಜ ಮಗುವಿಗೆ ಹೇಳಿದ ಮಾತು ಅದು. ನೀವೀಗ ಮಗುವಲ್ಲ." ಟೀಚರು ಅವಳ ಕಡೆ ತಿರುಗಿದರು. "ಆ ಗೋಡೆಯ ಚಿತ್ರ ಹೇಗಿದೆ, ಹೇಳಿ."

"ಚೆನ್ನಾಗೇ ಇತ್ತು..." ಎಂದಳು. ಮನೋಜ್ ಬಾವಿಯ ಕಡೆ ಬೆರಳು ತೋರಿಸಿದ.

ಬಾಯಿ ತೆರೆದಾಗಲೆಲ್ಲ ಅದೇ ಮಾತು ಹೊರಟು, ಅಂದು ಅವಳು ಸೇದಿದ ನೀರಿಗೆ ಬಾಳೆಗಳು ಮಿಂದವು. ಅಂಗೈ ಕೆಂಪಾಯಿತು. ಮಹತಿಗೆ ಮಾತ್ರ ಅಮ್ಮ ನೀರು ಸೇದುವುದು ದೊಡ್ಡ ತಮಾಷೆ, "ಇನಿಯುಂ, ಅಮ್ಮೇ, ಇನಿಯುಂ!" ಎಂದು ಇನ್ನೂ ಇನ್ನೂ ಸೇದಲು ಹುರಿದುಂಬಿಸಿದಳು. ಕನ್ನಡದಲ್ಲಿ ಹೇಳೇ ಎಂದರೆ ಆ ಮಗು ಕನ್ನಡ ಕೇಳಿಸಿಕೊಂಡು ಮಲಯಾಳದಲ್ಲೇ ನಗುತ್ತಿತ್ತು.

ದಿನವೂ ಹೋದಳು. ಕೆಂಪು ಮುಂದೆ ನುಗ್ಗುವ ಬಣ್ಣ, ನೀಲಿ ಹಿಂದೆ ಸರಿಯುವ ಬಣ್ಣ ಎಂಬುದು ಅವಳ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಕಣ್ಣು ಚಿತ್ರದಲ್ಲಿ ಎಲ್ಲಿ ಹೊಕ್ಕು ಎಲ್ಲಿ ಹೊರಡುತ್ತದೆ ಎಂದು ಟೀಚರು ಕಡ್ಡಿಯಿಂದ ತೋರಿಸುವರು. ನಿಮ್ಮ ಬೆಣ್ಣೆಯ ಕೈ ಎಲ್ಲಿದೆ? ಎದೆಯ ಮಟ್ಟಕ್ಕೆ. ನವಿಲುಗರಿ ಯಾವ ಕಡೆ ಬಾಗಿದೆ? ಒಳಕ್ಕೆ. ಹಾಗಾದರೆ ಎಲ್ಲವೂ ಸೇರಿ ನೋಡುವವನನ್ನು ಎಲ್ಲಿಗೆ ಕರೆದೊಯ್ಯುತ್ತವೆ? ಕಣ್ಣಿಗೆ. ಅಲ್ಲಿಂದ ಹೊರಗೆ ಬರುವ ದಾರಿ ಎಲ್ಲಿ?

"ಇಲ್ಲ, ಟೀಚರ್. ನಾನು ಇಟ್ಟಿಲ್ಲ."

"ಮೊದಲನೇ ಸಲ ಸರಿಯಾದ ಉತ್ತರ ಕೊಟ್ರಿ. ಇವತ್ತು ಬಾಳೆಗೆ ನೀರಿಲ್ಲ."

ಒಂದು ದಿನ ಧೈರ್ಯ ಮಾಡಿ ಜುಬೈದಾಳ ಹಳೆಯ ಪ್ರಶ್ನೆ ಕೇಳಿದಳು. ಕೃಷ್ಣ ಇಲ್ಲಿ ಹಸಿರು ಯಾಕೆ? ಟೀಚರಿಗೆ ಖುಷಿಯಾಯಿತು. "ಸಾತ್ವಿಕರಿಗೆ ಹಸಿರು, ರಾಜಸರಿಗೆ ಕೆಂಪು, ಹೀಗೆ ಗುಣಕ್ಕೊಂದು ಬಣ್ಣ ಅಂತ ಶಾಸ್ತ್ರದವರು ಹೇಳ್ತಾರೆ. ಗೋಡೆಯ ಮೇಲೆ ಕೂತು ಬರೆಯೋರನ್ನ ಕೇಳಿ, ಕೈಗೆ ಸಿಕ್ಕಿದ್ದು ಮಣ್ಣಿನ ಹಳದಿ, ಮಣ್ಣಿನ ಕೆಂಪು, ಎಲೆಯ ರಸ, ಮಸಿ, ಸುಣ್ಣ, ಅಷ್ಟರಲ್ಲೇ ಕೃಷ್ಣನೂ ಆಗಬೇಕಿತ್ತು ಅಂತಾರೆ. ಎರಡೂ ಸರಿ ಇರಬಹುದು. ನೀವು ಮೂರನೆಯದೊಂದು ಕೇಳಬೇಕು. ಆ ಚಿತ್ರ ಯಾರು ನೋಡೋದಕ್ಕೆ? ಎಲ್ಲಿಂದ ನೋಡೋದಕ್ಕೆ? ನಿಮ್ಮ ಗೋಡೆಯದೂ ಅದನ್ನೇ ಕೇಳ್ತೀನಿ. ಯಾರು? ಎಲ್ಲಿಂದ?"

"ಮಕ್ಕಳು. ವಾರ್ಡಿನಿಂದ."

"ಅದು ವಿಳಾಸ. ನಾನು ಕೇಳಿದ್ದು ಕಣ್ಣು ಎಲ್ಲಿರತ್ತೆ ಅಂತ. ಹೋಗಿ, ಮಟ್ಟಾಂಚೇರಿ ಗೋಡೆಗಳನ್ನ ಇನ್ನೊಂದು ಸಲ ನೋಡಿಬನ್ನಿ. ಈ ಪ್ರಶ್ನೆ ಸೆರಗಿಗೆ ಕಟ್ಟಿಕೊಂಡು ಹೋಗಿ."

ಓಣಂ ಹತ್ತಿರ ಬಂದಿತ್ತು. ಮಗುವನ್ನು ಕಟ್ಟಿಕೊಂಡು ರೈಲಿನಲ್ಲಿ ಒಬ್ಬಳೇ ಹೋಗುವುದೆಂದರೆ ವೇದವತಿಗೆ ನೂರೆಂಟು ಯೋಚನೆ. ಕಿಟಕಿಯಿಂದ ಮಗು ಕೈ ಹಾಕಿದರೆ? ಕೊಲ್ಲಂ ದಾಟಿದ ಮೇಲೆ ಕೆಮ್ಮು ಶುರುವಾದರೆ? ಫ್ಲಾಸ್ಕು, ಔಷಧಿ, ಉಣ್ಣೆಯ ಟೋಪಿ, ಎಲ್ಲ ತುಂಬಿಕೊಂಡು ಹೊರಟಳು. "ಹಿಮಾಲಯಕ್ಕೆ ಹೋಗ್ತಿಲ್ಲ ನೀನು, ಎರ್ನಾಕುಳಕ್ಕೆ," ಎಂದ ಶ್ರೀಪತಿ, ಆದರೂ ಸ್ಟೇಷನ್ನಿಗೆ ಬಂದು ಕೂರಿಸಿ ಹೋದ.

ಜುಬೈದಾ ಅವಳನ್ನು ನೋಡಿದ್ದೇ, "ಬಣ್ಣ ಯಾಕೆ ಹಸಿರು ಅಂತ ಹೇಳೋಕೆ ಇಷ್ಟು ದೂರ ಬಂದ್ಯಾ?" ಎಂದು ತಬ್ಬಿಕೊಂಡಳು. ಅರಮನೆಗೆ ಜೊತೆಯಲ್ಲೇ ಬಂದಳು.

ರಾಜರ ಮಲಗುವ ಕೋಣೆಯಲ್ಲಿ ವೇದವತಿ ಮೊದಲು ನಿಂತು ನೋಡಿದಳು. ಅದೇ ರಾಮಾಯಣ, ಅದೇ ಇಕ್ಕಟ್ಟು. ಇರುವೆ ಹೋಗಲೂ ಜಾಗವಿಲ್ಲದಂತೆ ರಾಜರು, ರಾಣಿಯರು, ಕಪಿಗಳು, ಋಷಿಗಳು. ಹಿಂದೆ ಬಂದಾಗ 'ಅಬ್ಬ, ಎಷ್ಟು ಚೆನ್ನಾಗಿದೆ' ಎಂದು ಮುಂದೆ ಹೋಗಿದ್ದಳು. ಈಗ ಕಣ್ಣ ಮುಂದೆ ಮನೋಜನ ಬೆರಳು ಬಾವಿಯ ಕಡೆ ತೋರಿಸುತ್ತಿತ್ತು. ಯಾರು? ಎಲ್ಲಿಂದ?

ಮಲಗುವ ಕೋಣೆ. ಮಲಗಿದವರು. ಮಂಚದಿಂದ.

ಅವಳಿಗೆ ಅಲ್ಲೇ ನೆಲದಲ್ಲಿ ಕುಳಿತು ನೋಡಬೇಕೆನಿಸಿತು. ಕಾವಲುಗಾರ ಬಾಗಿಲಲ್ಲೇ ನಿಂತಿದ್ದ. ಕಿವಿಗೆ ಕೈ ಹಾಕಿ, "ಅಯ್ಯೋ, ಓಲೆಯ ತಿರುಪು ಬಿತ್ತು!" ಎಂದು ದಡಕ್ಕನೆ ಕುಳಿತುಬಿಟ್ಟಳು. ಕುಳಿತವಳು ಮೊಣಕೈಯೂರಿ ಇನ್ನೂ ಕೆಳಗಾದಳು. ಪಾಪದ ಕಾವಲುಗಾರ ತಾನೂ ಮೊಣಕಾಲೂರಿ ನೆಲ ಸವರತೊಡಗಿದ. "ಬಂಗಾರದ್ದಾ ಚೇಚಿ? ಯಾವ ಕಡೆ ಉರುಳಿತು?" ಮಹತಿಯೂ ಹುಡುಕಿದಳು. ಜುಬೈದಾ ಮಾತ್ರ ಗೋಡೆಯ ಕಡೆ ತಿರುಗಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಕೆಳಗಿನಿಂದ ಆ ಗೋಡೆ ಬೇರೆಯಾಗಿತ್ತು. ಅವಳು ನೋಡಿದ ಮಟ್ಟಿಗೆ ಅಲ್ಲಿ ಯಾರೂ ಅವಳನ್ನು ನೋಡುತ್ತಿರಲಿಲ್ಲ. ರಾಣಿ ದಾಸಿಯನ್ನು ನೋಡುತ್ತಿದ್ದಳು, ದಾಸಿ ಋಷಿಯನ್ನು, ಋಷಿ ಬೆಂಕಿಯನ್ನು. ಮುಖಗಳೆಲ್ಲ ಓರೆ, ಒಬ್ಬರ ಕಣ್ಣು ಇನ್ನೊಬ್ಬರಿಗೆ ಕೊಂಡಿ. ಮಲಗಿದವನ ಕಣ್ಣು ಒಂದು ಕಡೆ ಹೊಕ್ಕರೆ ಕಥೆಯ ಜೊತೆ ನಡೆಯುತ್ತ ನಡೆಯುತ್ತ ನಿದ್ದೆಯವರೆಗೂ ಹೋಗಬಹುದು. ಬರೆದವರು ಹಾಗೆಂದೇ ಬರೆದರೋ ಇಲ್ಲವೋ, ಯಾರಿಗೆ ಗೊತ್ತು. ಅವಳಿಗೆ ಕಂಡದ್ದು ಅದು.

"ಸಿಕ್ಕಿತು," ಎಂದಳು ವೇದವತಿ, ಏಳುತ್ತ. ಕಾವಲುಗಾರ ಸಮಾಧಾನದಿಂದ ಬೆವರು ಒರೆಸಿಕೊಂಡ. ಅವನಿಗೆ ಸುಳ್ಳು ಹೇಳಿದೆನಲ್ಲ ಎಂದು ದೋಣಿಯಲ್ಲಿ ಉದ್ದಕ್ಕೂ ಪೇಚಾಡಿದಳು. "ಸಿಕ್ಕಿತು ಅಂದದ್ದು ನಿಜ ತಾನೆ, ಬಿಡು," ಎಂದಳು ಜುಬೈದಾ.

ತಿರುವನಂತಪುರಕ್ಕೆ ಮರಳಿದವಳು ಮಗುವನ್ನು ಶ್ರೀಪತಿಗೆ ಒಪ್ಪಿಸಿ, ಮನೆಯೊಳಗೆ ಚೀಲ ಎಸೆದು ಆಸ್ಪತ್ರೆಗೆ ಓಡಿದಳು. ಮಕ್ಕಳನ್ನು ಪಕ್ಕದ ಕೋಣೆಗೆ ಸಾಗಿಸಿಯಾಗಿತ್ತು. ಮೂಲೆಯಲ್ಲಿ ಸುಣ್ಣದ ಬಕೆಟ್ಟು, ಉದ್ದನೆಯ ಬ್ರಷ್ಷು ಸಿದ್ಧವಾಗಿದ್ದವು. ಅವಳು ಚಾದರ ಕಿತ್ತು, ಜೆಸ್ಸಿಯ ಖಾಲಿ ಮಂಚದ ಮೇಲೆ ಕಾಲು ನೀಡಿ ಮಲಗಿದಳು.

ಕೃಷ್ಣ ಮೇಲಿನಿಂದ ಬಗ್ಗಿ ನೋಡುತ್ತಿದ್ದ. ಹಲ್ಲು ಬಿಟ್ಟುಕೊಂಡು. ಎಡಕ್ಕೆ ಹೊರಳಿದಳು, ನೋಡುತ್ತಿದ್ದ. ಬಲಕ್ಕೆ ಹೊರಳಿದಳು, ಆಗಲೂ ನೋಡುತ್ತಿದ್ದ. ಕೈಮುಗಿದು ನಿಂತವನ ಕಣ್ಣಿಗೆ ನೂಲು ಕಟ್ಟಬೇಕು ಎಂದಿದ್ದರು ಚಿಕ್ಕಜ್ಜ. ನಿಂತವನ. ಕಾರಣವೂ ಆ ಮಾತಿನೊಳಗೇ ಇತ್ತಲ್ಲ! ನಿಂತವನು ಕಣ್ಣು ತುಂಬಿಕೊಂಡು, ತೀರ್ಥ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋಗುತ್ತಾನೆ. ಕಾಲಿಗೆ ಪ್ಲಾಸ್ಟರ್ ಹಾಕಿದವಳು ಎಲ್ಲಿಗೆ ಹೋದಾಳು? ಹಗಲೆಲ್ಲ, ಇರುಳೆಲ್ಲ, ರೆಪ್ಪೆ ಬಡಿಯದ ಒಬ್ಬ ನೋಡುತ್ತಲೇ ಇದ್ದರೆ ಚಾದರ ಎಳೆದುಕೊಳ್ಳದೆ ಮತ್ತೇನು ಮಾಡಿಯಾಳು?

ಇನ್ನೊಂದು ನೆನಪು ಚುಚ್ಚಿತು. ಬೇಸಿಗೆಯಲ್ಲಿ ಇಂಥದೇ ಮಂಚದ ಪಕ್ಕ ತಾನು ಮಗಳನ್ನೇ ನೋಡುತ್ತ ಕುಳಿತದ್ದು. ಮಗಳು ಏನನ್ನು ನೋಡುತ್ತಿದ್ದಳು ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ.

ಕಮಲ ಸಿಸ್ಟರ್ ಒಳಗೆ ಬಂದಾಗ ವೇದವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುಣ್ಣದ ಬ್ರಷ್ಷನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕೃಷ್ಣನ ಒಂದು ಕಣ್ಣು ಆಗಲೇ ಬೆಳ್ಳಗಾಗಿತ್ತು.

"ಅಯ್ಯೋ ಮೋಳೇ! ನೀನೇ ಅಳಿಸ್ತೀಯಾ? ಆಳು ನಾಳೆ ಬರ್ತಾನೆ."

"ಆಳು ಬಂದ್ರೆ ಪೂರಾ ಬಿಳಿ ಮಾಡಿ ಹೋಗ್ತಾನೆ, ಸಿಸ್ಟರ್. ನಾನು ಹೊಸದು ಬರೆಯೋಕೆ ಬಿಳಿ ಮಾಡ್ತಾ ಇದೀನಿ. ಡಾಕ್ಟರಿಗೆ ಹೇಳಿ. ರಜೆ ಮುಗಿಯೋದ್ರೊಳಗೆ ಮುಗಿಸ್ತೀನಿ. ಮಕ್ಕಳು ಬಂದು ಮಲಗಿ ನೋಡ್ಲಿ. ಜೆಸ್ಸಿ ಮತ್ತೆ ಮುಖ ಮುಚ್ಚಿಕೊಂಡ್ರೆ ಗೋಡೆ ನಿಮ್ಮದು, ನಾನು ಮತ್ತೆ ಕೇಳಲ್ಲ."

"ಮತ್ತೆ ಹೆದರಿದ್ರೆ ಅಳ್ತೀಯಾ?"

"ಅಳ್ತೀನಿ. ಅತ್ತು ಯಾಕೆ ಅಂತ ನೋಡ್ತೀನಿ."

ಉಳಿದ ಮುಖವನ್ನೂ ಬಳಿದಳು. ಜೀವನದ ಅತಿ ಚೆಂದದ ಕೆಲಸ ಸುಣ್ಣದಡಿ ಹೋಗುತ್ತಿದ್ದರೂ ಕೈ ನಿಲ್ಲಿಸಲಿಲ್ಲ.

ಓಣಂ ಹಬ್ಬಕ್ಕೆ ಓಣಿಯೆಲ್ಲ ಅಂಗಳದಲ್ಲಿ ಹೂವು ಹಾಕುತ್ತಿದ್ದರೆ ಅವಳು ವಾರ್ಡಿನಲ್ಲಿದ್ದಳು. ಶ್ರೀಪತಿ ಮಗಳನ್ನು ನೋಡಿಕೊಂಡು, ಬುತ್ತಿ ತಂದುಕೊಡುತ್ತಿದ್ದ. "ದಿನವೂ ಗಲ್ಫಿನಿಂದ ಬಂದೋರ ಪೆಟ್ಟಿಗೆ ತೆಗೆಸಿ ಒಳಗೆ ಏನಿದೆ ನೋಡೋದು ನನ್ನ ಕೆಲಸ. ನೀನೀಗ ಚಿತ್ರಗಳ ಪೆಟ್ಟಿಗೆ ತೆಗೆಸ್ತಾ ಇದೀಯ," ಎಂದು ಚುಡಾಯಿಸಿದ.

"ಹೌದು ಕಣ್ರೀ. ನೀವು ತೆಗೆಸಿ ಕಳಿಸಿಬಿಡ್ತೀರ. ನಾನು ಮತ್ತೆ ಮಡಚಿ ತುಂಬಬೇಕು."

ಈ ಸಲ ಒಂದೊಂದು ಗೆರೆಗೂ ಮುಂಚೆ ಮಂಚದಿಂದ ಮಂಚಕ್ಕೆ ಹೋಗಿ ಮಲಗಿ ನೋಡಿದಳು. ಬರೆಯಲು ಕುಳಿತ ಮೇಲೆ ಮಾತ್ರ ಏನನ್ನೂ ಕೇಳಿಕೊಳ್ಳಲಿಲ್ಲ, ಕೈಗೆ ಬಿಟ್ಟಳು. ಚಿತ್ರ ದಿಂಬಿನ ಮಟ್ಟದಿಂದ ಶುರುವಾಯಿತು. ಖಾಲಿ ಗೂಟ, ಗೊರಸಿನ ಗುರುತು; ಒಂದು ಕರು ತಪ್ಪಿಸಿಕೊಂಡಿದೆ. ಆಮೆ ಕಪ್ಪೆಯನ್ನು ಕೇಳುತ್ತದೆ, ಕಪ್ಪೆ ಕೊಕ್ಕರೆಯ ಕಡೆ ನೋಡುತ್ತದೆ, ಕೊಕ್ಕರೆ ದೋಣಿಯೊಳಕ್ಕೆ ಕತ್ತು ಚಾಚಿದೆ. ಜೆಸ್ಸಿಯ ಮಂಚದೆದುರು ಅವಳ ಊರು ವಿಳಿಂಜದಂಥ ಕಡಲತೀರ, ಒಣಗಲು ಹಾಕಿದ ಬಲೆ. ಕಾಯಿಲೆಯ ಕಣ್ಣು ದಣಿಯದಂತೆ ನಡುನಡುವೆ ಬರಿಯ ತಿಳಿ ಗೋಡೆ. ಕೆಂಪು ಒಂದೇ ಒಂದು ಕಡೆ: ಕರುವಿನ ಕುತ್ತಿಗೆಯಿಂದ ಬಿಚ್ಚಿಹೋದ ದಾರ, ಮಂಚದಿಂದ ಮಂಚಕ್ಕೆ ಹರಿಯುತ್ತ ಹೋಗುತ್ತದೆ. ಕೊನೆಯಲ್ಲಿ ಕೃಷ್ಣ, ಅಂಗೈಯಗಲದವನು. ಬೆನ್ನು ಈ ಕಡೆ. ಪೊದೆ ಸರಿಸಿ ಬಗ್ಗಿ ನೋಡುತ್ತಿದ್ದಾನೆ.

ಜಲಜಾ ಟೀಚರು ಮನೋಜನ ಕೈಹಿಡಿದು ನೋಡಲು ಬಂದರು. ಅವರನ್ನೂ ಮಂಚದ ಮೇಲೆ ಮಲಗಿಸಿದಳು. ಮನೋಜ್ ನಿಂತೇ ನೋಡಿ, "ಚೇಚಿ, ಇಷ್ಟೆಲ್ಲ ಓದಿ ಕೊನೆಗೆ ನೀಲಿ ಕೃಷ್ಣನೇ ಆದ! ಹಸಿರಿನ ಶಾಸ್ತ್ರ ಎಲ್ಲಿ ಹೋಯ್ತು?" ಎಂದು ಕೆಣಕಿದ.

"ಈ ವಾರ್ಡಲ್ಲಿ ಪರದೆ ಹಸಿರು, ಚಾದರ ಹಸಿರು, ಸಿಸ್ಟರ್ ಕೈಯ ಬಟ್ಟೆಯೂ ಹಸಿರು. ಹಸಿರು ಕೃಷ್ಣನನ್ನ ಬರೆದ್ರೆ ಮಕ್ಕಳಿಗೆ ಅವನೂ ಪರದೆ ಥರ ಕಾಣ್ತಾನೆ. ಹಸಿರು ಪೊದೆ ಮುಂದೆ, ನೀಲಿ ಅದರ ಒಳಗೆ. ನೀಲಿ ಹಿಂದೆ ಸರಿಯತ್ತೆ, ಅದಕ್ಕೇ ಅವನು ಹುಡುಕ್ತಾ ಒಳಗೆ ಹೋಗ್ತಾ ಇರೋ ಹಾಗೆ ಕಾಣ್ತಾನೆ. ಮಲಗಿ ನೋಡು, ಗೊತ್ತಾಗತ್ತೆ."

ಮನೋಜ್ ಗೊಣಗುತ್ತ ಮಲಗಿದ. ಪೊದೆಯ ಕಡೆ ಕತ್ತು ಹೊರಳಿಸಿದ. "ಚೆನ್ನಾ..." ಎಂದು ನಾಲಗೆ ಕಚ್ಚಿಕೊಂಡ.

"ಆಸ್ಪತ್ರೆ ಹಿಂದೆ ಬಾವಿ ಇದೆ," ಎಂದರು ಟೀಚರು, ಕಣ್ಣು ಗೋಡೆಯಿಂದ ತೆಗೆಯದೆ.

ರಜೆ ಮುಗಿಯಿತು. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆತಂದು ಮಲಗಿಸಿದರು. ವೇದವತಿ ಮಹತಿಯ ಕೈ ಬಿಗಿಯಾಗಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರು ಕೈಕಟ್ಟಿಕೊಂಡು ಕಿಟಕಿಗೆ ಒರಗಿದ್ದರು. ಜೆಸ್ಸಿ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಯನ್ನು ಅನುಮಾನದಿಂದ ನೋಡಿದಳು. ಆಮೆ. ಕಪ್ಪೆ. ಬಲೆ. ಕೆಂಪು ದಾರ. ಅವಳ ಕಣ್ಣು ದಾರ ಹಿಡಿದು ಹೊರಟಿತು, ಹೋಯಿತು, ಹೋಯಿತು, ಮುಂದಿನ ಮಂಚದ ಕಬ್ಬಿಣದ ತಲೆಗಟ್ಟು ಅಡ್ಡ ಬಂದಿತು.

"ಸಿಸ್ಟರ್, ನನ್ನ ಮಂಚ ಆಚೆಗೆ ತಳ್ಳಿ," ಎಂದಳು ಜೆಸ್ಸಿ. "ಕರು ಎಲ್ಲಿ ಹೋಯ್ತು ನೋಡ್ಬೇಕು."

ಹೊದಿಕೆ ಕುತ್ತಿಗೆಗೆ ಇಳಿದಿತ್ತು. ಕಮಲ ಸಿಸ್ಟರ್ ಮಂಚ ತಳ್ಳಿದರು. ಡಾಕ್ಟರು ಸುಣ್ಣದ ಬಕೆಟ್ಟನ್ನು ಕಾಲಿನಿಂದ ಮೆಲ್ಲಗೆ ಬಾಗಿಲಾಚೆ ಸರಿಸಿದರು.

ಗೋಡೆ ಉಳಿಯಿತು. ಆದರೆ ಅಂದು ಮಧ್ಯಾಹ್ನವೇ ಕಿಟಕಿಯ ಪಕ್ಕದ ಪುಟ್ಟ ಹುಡುಗ ರಾಗ ತೆಗೆದ: ಕೊಕ್ಕರೆಗೆ ಕೋಪ ಬಂದಿದೆ, ನನ್ನನ್ನು ಕುಕ್ಕುತ್ತದೆ. ತಿಂಗಳ ಹಿಂದಾಗಿದ್ದರೆ ವೇದವತಿ ಕಣ್ಣೊರೆಸಿಕೊಳ್ಳುತ್ತ ಮನೆಗೆ ಹೋಗುತ್ತಿದ್ದಳು. ಈಗ ಹುಡುಗನನ್ನು ಒಂದು ಪಕ್ಕಕ್ಕೆ ಸರಿಸಿ ತಾನೂ ಅವನ ದಿಂಬಿಗೆ ತಲೆಯಿಟ್ಟಳು. ಪಡುವಣ ಕಿಟಕಿಯ ಬಿಸಿಲು ಓರೆಯಾಗಿ ಬಿದ್ದು, ಕೊಕ್ಕರೆಯ ಹುಬ್ಬಿನ ಗೆರೆ ಮಾತ್ರ ಕಪ್ಪಗೆ ಎದ್ದಿತ್ತು. ಬೆಳಿಗ್ಗೆ ಬರೆದಾಗ ಅಲ್ಲಿ ಬಿಸಿಲಿರಲಿಲ್ಲ.

"ನಿಜ ಕಣೋ, ಕೋಪ ಬಂದಿದೆ ಇದಕ್ಕೆ," ಎಂದಳು. "ಯಾಕೆ ಅಂತ ಗೊತ್ತಾಯ್ತು. ಇರು."

ಬಾಗಿಲಲ್ಲಿ ಮಹತಿ ಕಾಲು ಬಡಿದಳು. "ಕಳಿಞ್ಞಿಲ್ಲೇ, ಅಮ್ಮೇ?"

"ಇನ್ನೂ ಮುಗಿದಿಲ್ಲ ಪುಟ್ಟ," ಎಂದು ವೇದವತಿ ಕುಂಚ ನೀರಿಗೆ ಅದ್ದಿದಳು.